ಅಕ್ಕೋರು ಬಸ್ ನಿಲ್ಲಿಸಿದ್ದು

ಅಕ್ಕೋರ ಬಲಗಿವಿಯ ಮೇಲೆ ಯಾವಾಗಲೂ ಒಂದು ತುಂಡು ಸೀಮೆಸುಣ್ಣ, ದರ್ಜಿ ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿಯ ಕೂದಲೆಲ್ಲ ಬೆಳ್ಳಗಾಗಿರುತ್ತಿತ್ತು. ತೊಂಬತ್ತರ ದಶಕದಲ್ಲಿ, ಸವದತ್ತಿಯ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು ಅವರು.

ಟ್ರಾನ್ಸಿಟಿವ್, ಇನ್‌ಟ್ರಾನ್ಸಿಟಿವ್ ಅಂದರೆ ನಮಗೆಲ್ಲ ಜ್ವರ ಬರುತ್ತಿತ್ತು.

‘ಕನ್ನಡದಾಗ ನಿಂತಿತು, ನಿಲ್ಲಿಸಿದ ಅಂತ ಬ್ಯಾರೆ ಬ್ಯಾರೆ ಅದಾವು. ಇಂಗ್ಲಿಷಿನ್ಯಾಗ ಎರಡಕ್ಕೂ ಸ್ಟಾಪ್ ಒಂದ. ಮಾರಿ ನೋಡಿದ್ರ ಗುರುತ ಸಿಗೂದಿಲ್ಲ. “ಏನನ್ನ?” ಅಂತ ಕೇಳ್ರಿ. ಉತ್ತರ ಸಿಕ್ರ ಟ್ರಾನ್ಸಿಟಿವ್, ಸಿಗಲಿಲ್ಲಂದ್ರ ಇನ್‌ಟ್ರಾನ್ಸಿಟಿವ್’ ಅನ್ನುತ್ತಿದ್ದರು.

ಒಮ್ಮೆ ನನ್ನನ್ನು ಎಬ್ಬಿಸಿ ಉದಾಹರಣೆ ಕೇಳಿದರು. ಆಗಷ್ಟೇ ಬೆವರುತ್ತ ಒಳಗೆ ಬಂದಿದ್ದೆ. ‘ದ ಬಸ್ ಡಿಡ್ ನಾಟ್ ಸ್ಟಾಪ್’ ಅಂದೆ. ಎಲ್ಲರೂ ನಕ್ಕರು.

‘ಖರೇನ?’ ಅಕ್ಕೋರು ನಗಲಿಲ್ಲ.

ಖರೆಯೇ. ನವಿಲುತೀರ್ಥದ ಕ್ರಾಸಿನಲ್ಲಿ ನಾವು ನಾಲ್ವರು ಹುಡುಗಿಯರು ಕೈ ಮಾಡಿದರೂ, ಪಾಸಿನ ಮಕ್ಕಳೆಂದು ಬಸ್ಸು ಹಾಗೇ ಹೋಗುತ್ತಿತ್ತು. ದಿನಾ ನಡಿಗೆ. ‘ಇನ್ನ ಸಾಲಿ ಸಾಕು’ ಎಂದು ಅಪ್ಪ ಆಗಲೇ ಹೇಳಿಬಿಟ್ಟಿದ್ದ.

ಮರುದಿನ ಬೆಳಿಗ್ಗೆ ಅಕ್ಕೋರು ಕ್ರಾಸಿನಲ್ಲಿದ್ದರು. ಬಸ್ಸು ಕಂಡದ್ದೇ ರಸ್ತೆಯ ನಟ್ಟನಡುವೆ ಕೈ ಅಗಲಿಸಿ ನಿಂತರು. ಹಾರ್ನ್ ಕೂಗಿತು. ಅವರು ಕದಲಲಿಲ್ಲ. ಬ್ರೇಕು ಚೀರಿತು.

‘ಸಾಯೂ ವಿಚಾರ ಐತೇನ್ರಿ?’ ಡ್ರೈವರ್ ಒದರಿದ.

‘ಸಾಯಾಕ ಬಂದಿಲ್ಲಪಾ. ಈ ಹುಡುಗ್ಯಾರ್ನ ಹತ್ತಿಸ್ಕೊ. ನಾಳಿಗೂ ಬರತೇನಿ, ನಾಡದಿಗೂ ಬರತೇನಿ.’

ವಾರವಿಡೀ ಬಂದರು. ಆಮೇಲೆ ಬಸ್ಸು ತಾನಾಗಿಯೇ ನಿಲ್ಲತೊಡಗಿತು. ಅಪ್ಪ ಸಾಲಿ ಬಿಡಿಸುವ ಮಾತು ಬಿಟ್ಟ. ತರಗತಿಯಲ್ಲಿ ನನ್ನ ಕೈಯಿಂದಲೇ ಬೋರ್ಡಿನ ಮೇಲೆ ‘ಅಕ್ಕೋರು ಸ್ಟಾಪ್ಡ್ ದ ಬಸ್’ ಎಂದು ಬರೆಸಿ, ‘ಏನನ್ನ?’ ಎಂದರು. ‘ಬಸ್ಸನ್ನ!’ ಎಂದು ಇಡೀ ತರಗತಿ ಕೂಗಿತು.

ಬಸ್ಸಿನವರ ದೂರು ಹೆಡ್‌ಮಾಸ್ತರರವರೆಗೂ ಹೋಯಿತು. ವರಾಂಡದಲ್ಲೇ ಅವರು ಅಕ್ಕೋರಿಗೆ, ‘ತಪ್ಪಾತು ಅಂದುಬಿಡ್ರಿ, ಮುಗೀತು’ ಎಂದರು.

‘ಆತು ಅನ್ನಾಕ ಅದು ತಾನ ಆಗಿಲ್ಲರಿ ಸರ್. ನಾನ ಮಾಡೇನಿ. ತಪ್ಪಂತೂ ಅಲ್ಲ.’

ಆ ವರ್ಷವೇ ಅವರನ್ನು ರಾಮದುರ್ಗದ ಕಡೆ ಸಾಲಹಳ್ಳಿಗೆ ಎತ್ತಿಹಾಕಿದರು. ಯಾರ ಕಾಲೂ ಹಿಡಿಯದೆ ಟ್ರಂಕು ಕಟ್ಟಿಕೊಂಡು ಹೋದರು. ನಾವು ನಾಲ್ವರೂ ಓದು ಮುಗಿಸಿದೆವು. ನಾನು ಬೈಲಹೊಂಗಲದಲ್ಲಿ ನೌಕರಿ ಹಿಡಿದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಅಕ್ಕೋರು ಮನೋಳಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದು ನಾವು ನಾಲ್ವರೂ ಹೋದೆವು. ಹೆಣ ಎತ್ತುವಾಗ ಹಿರಿಯರೊಬ್ಬರು ಓಣಿಗೆ ಅಡ್ಡ ಬಂದು, ‘ಮಣ್ಣಿಗೆ ಹೆಣ್ಮಕ್ಕಳು ಬರಬಾರದವಾ, ಹಿಂದಕ್ಕ ಸರೀರಿ’ ಎಂದರು.

ನಾವು ನಾಲ್ವರೂ ಸೆರಗು ಸಿಗಿಸಿಕೊಂಡು ಅವರ ಪಕ್ಕದಿಂದ ದಾಟಿ ಹೆಣದ ಹಿಂದೆಯೇ ನಡೆದೆವು. ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿಯೇ ಬಂದೆವು.