ಶಿಮ್ಲಾಕ್ಕೆ ಹೋದವರ ಮನೆಯ ಬೀಗ

ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷ. ನಾನು ಪಾಠ ಮಾಡುವ ಮಳವಳ್ಳಿಯ ಕಾಲೇಜಿನಲ್ಲಿ ಊಟದ ಡಬ್ಬಿ ಮುಚ್ಚುತ್ತಿದ್ದೆ; ಗಡಿಯಾರ ಎದುರಿಗೇ ಇತ್ತು. ಅಕ್ಕನ ಫೋನ್ ಬಂತು. ಅವಳ ಬೀದಿಯವರ ಪ್ರಕಾರ ಅಕ್ಕ ಆ ಹೊತ್ತಿಗೆ ಶಿಮ್ಲಾದಲ್ಲಿದ್ದಳು. ನಿಜದಲ್ಲಿ ಮಂಡ್ಯದ ತನ್ನ ಮನೆಯೊಳಗೇ, ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು, ಗಂಡ, ಮಗಳು ಮತ್ತು ಅತ್ತೆಯ ಜೊತೆ ಕೂತಿದ್ದಳು. ಮುಂಬಾಗಿಲಿಗೆ ಹೊರಗಿನಿಂದ ಬೀಗ. ಹಾಕಿದವಳು ನಾನೇ. ಬೀಗದ ಕೈ ಮದ್ದೂರಿನ ನನ್ನ ಮನೆಯಲ್ಲಿ, ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತಾಡುತ್ತಿತ್ತು.

"ಗ್ಯಾಸ್ ವಾಸ್ನೆ ಕಣೇ," ಎಂದಳು ಪಿಸುದನಿಯಲ್ಲಿ. "ಅತ್ತೆಗೆ ಉಸಿರು ಕಟ್ತಾ ಇದೆ. ಬೇಗ ಬಂದು ಬೀಗ ತೆಗಿ."

"ಕೂಗ್ಕೊಳ್ಳಿ! ಯಾರಾದ್ರೂ ಬಂದು ಒಡೀತಾರೆ."

"ಮೆತ್ತಗೆ ಮಾತಾಡೇ. ಕೂಗಿದ್ರೆ ಎದುರುಮನೆಯವರಿಗೆ ಗೊತ್ತಾಗುತ್ತೆ."

ಮನೆಯೊಳಗೆ ಗ್ಯಾಸು ತುಂಬಿದೆ, ಉಬ್ಬಸದ ಮುದುಕಿ ಒದ್ದಾಡುತ್ತಿದ್ದಾರೆ, ಎರಡು ಡಿಗ್ರಿ ಮಾಡಿದ ನನ್ನ ಅಕ್ಕನಿಗೆ ಎದುರುಮನೆಯ ಚಿಂತೆ. ಆ ಪಿಸುಮಾತು ಈಗಲೂ ನನ್ನ ಕಿವಿಯಲ್ಲಿದೆ. ಕಿರುಚಿದ್ದರೆ ಮರೆಯುತ್ತಿದ್ದೆನೋ ಏನೋ.

ಈ ಬುದ್ಧಿವಂತಿಕೆ ಎಲ್ಲಿಂದ ಶುರುವಾಯಿತು ಎಂದು ಹೇಳಬೇಕು. ಆ ವರ್ಷ ಭಾವನ ಕಂಪನಿಯಲ್ಲಿ ಸಂಬಳ ಕಡಿಮೆ ಮಾಡಿದ್ದರು. ಅಕ್ಕನ ಖಾಸಗಿ ಶಾಲೆ ಮನಸ್ಸು ಬಂದಾಗ ಸಂಬಳ ಕೊಡುತ್ತಿತ್ತು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇರಲಿಲ್ಲ. ಬೀದಿಯಲ್ಲಿ ಮುಕ್ಕಾಲು ಮನೆಗಳ ಕತೆಯೂ ಅದೇ. ಆದರೆ ಬೇಸಿಗೆ ರಜೆಗೆ ಎಲ್ಲಿಗೂ ಹೋಗುತ್ತಿಲ್ಲ, ಕೈಯಲ್ಲಿ ದುಡ್ಡಿಲ್ಲ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಕೊನೆಮನೆಯವರು ಮಗನ ಕೋಚಿಂಗ್ ಎಂದರು. ಬ್ಯಾಂಕಿನಿಂದ ನಿವೃತ್ತರಾದ ದಂಪತಿ ಮಂಡಿನೋವು ಎಂದರು. ಹಿಂದಿನ ವರ್ಷ ಅವೇ ಮಂಡಿಗಳು ಡಾರ್ಜಿಲಿಂಗ್ ಹತ್ತಿ ಇಳಿದಿದ್ದವು. ಇನ್ನೊಬ್ಬ ಮಹನೀಯರು ವಿಮಾನದ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ, ಅದಕ್ಕೇ ಈ ಸಲ ಮನೆಯಲ್ಲೇ ಇರುತ್ತೇವೆ ಎಂದು ವಾಕಿಂಗ್‌ನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಹೇಳುವಾಗ ಅವರ ಎರಡು ಕಾರುಗಳೂ ಬಾಗಿಲಲ್ಲೇ ನಿಂತಿದ್ದವು.

ಅಕ್ಕನಿಗೆ ಇಂಥ ದಾರಿ ಉಳಿದಿರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಹೋದ ಮನೆಗಳಲ್ಲೆಲ್ಲ ಎಳ್ಳಿನ ಜೊತೆ ಶಿಮ್ಲಾವನ್ನೂ ಬೀರಿ ಬಂದಿದ್ದಳು. ಮೈಸೂರಿನಿಂದ ಸ್ವೆಟರ್ ತಂದು ಎದುರುಮನೆಯ ಆಂಟಿಗೆ ತೋರಿಸಿಯೂ ಆಗಿತ್ತು. ಬಸ್ಸು ಹೆಂಗಸರಿಗೆ ಪುಕ್ಕಟೆ. ಅಕ್ಕ, ಅವಳ ಅತ್ತೆ, ಮಗಳು ರಾಜ್ಯದ ಯಾವ ಮೂಲೆಗಾದರೂ ಹೋಗಿ ಬರಬಹುದು ಎಂದು ನಾನು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಪುಕ್ಕಟೆ ಹೋಗುವ ಊರಿಗೆ ಮರ್ಯಾದೆ ಇಲ್ಲವಂತೆ.

ಕೊನೆಗೆ ಉಪಾಯ ಹೂಡಿದವರು ಭಾವ. ಹೋಗುವುದು ಬೇಡ, ಹೋದ ಹಾಗೆ ಇರೋಣ. ಬೆಳಿಗ್ಗೆ ಬೀದಿಯವರೆಲ್ಲ ನೋಡುವಂತೆ ಸೂಟ್‌ಕೇಸ್ ಹೊತ್ತು ಹೊರಟು ಮದ್ದೂರಿನ ನನ್ನ ಮನೆಗೆ ಬಂದರು. ಕತ್ತಲಾದ ಮೇಲೆ ಬಾಡಿಗೆ ಕಾರಿನಲ್ಲಿ ವಾಪಸು ಹೋಗಿ, ದೀಪ ಹಾಕದೆ ಒಳಹೊಕ್ಕರು. ನಾನು ಹೊರಗಿನಿಂದ ಬೀಗ ಹಾಕಿ ಅದೇ ಕಾರಿನಲ್ಲಿ ಮರಳಿದೆ. ಅಕ್ಕನ ಅತ್ತೆ ಹೊಳಲು ಎಂಬ ಹಳ್ಳಿಯವರು, ಮುಚ್ಚುಮರೆ ಇಲ್ಲದ ಹೆಂಗಸು. ಹೊಸಿಲು ದಾಟುವಾಗ ನನ್ನ ಕೈ ಹಿಡಿದು ಹೇಳಿದ್ದರು: "ಕಳ್ಳುರು ಮನೆ ಒಳಕ್ಕೆ ಓಗೋದ ನೋಡಿವ್ನಿ. ಮನೆಯೋರೇ ಕಳ್ಳುರಂಗೆ ಓಗೋದ ಇವತ್ತೇ ಕಣವ್ವ ನೋಡ್ತಿರೋದು."

ಒಳಗಿನ ಕಾನೂನುಗಳೆಲ್ಲ ಭಾವನವು. ಟೀವಿಗೆ ಸದ್ದಿಲ್ಲ. ಮುಂದಿನ ಕಿಟಕಿ ತೆಗೆಯುವಂತಿಲ್ಲ. ಒಗ್ಗರಣೆ ಹಾಕುವಂತಿಲ್ಲ, ಘಮ ಬೀದಿಗೆ ಹೋಗುತ್ತದೆ. ಕುಕ್ಕರ್ ಇಡುವಂತಿಲ್ಲ, ಸೀಟಿ ಕೇಳುತ್ತದೆ. ಮೇ ತಿಂಗಳ ಮಂಡ್ಯದ ಸೆಕೆಯಲ್ಲಿ ನಾಲ್ಕು ಜೀವಗಳು ಬೇಯುತ್ತಾ ಕೂತಿರುವಾಗ, ಭಾವ ಬನಿಯನ್ನಿನಲ್ಲಿ ಒರಗಿಕೊಂಡು ವಾಟ್ಸಾಪ್ ಸ್ಟೇಟಸ್ಸಿಗೆ ಹಿಮ ಹಾಕುತ್ತಿದ್ದರು. ಸಹೋದ್ಯೋಗಿಯೊಬ್ಬರ ಹಳೆಯ ಪ್ರವಾಸದ ಫೋಟೋಗಳು. ಮೇ ತಿಂಗಳಲ್ಲಿ ಶಿಮ್ಲಾದ ಬೀದಿಯಲ್ಲಿ ಮೊಣಕಾಲುದ್ದ ಹಿಮ ಎಲ್ಲಿಂದ ಬಂತು ಎಂದು ಆ ಓದಿದವರ ಬಡಾವಣೆಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಎಲ್ಲರೂ ಹೃದಯದ ಚಿಹ್ನೆ ಒತ್ತಿದರು. ಫೋಟೋ ನೋಡಿದ ಅತ್ತೆ ಮಗನಿಗೆ ಅಂದರಂತೆ: "ಆ ಐಸ್ನಾದ್ರೂ ಒಸಿ ಕೊಡ್ಲಾ, ತಲೆ ಮ್ಯಾಲೆ ಮಡಿಕತ್ತೀನಿ."

ಕುಕ್ಕರ್ ಇಡುವಂತಿಲ್ಲದ್ದರಿಂದ ಅಕ್ಕ ಪಾತ್ರೆಯಲ್ಲಿ ಅನ್ನಕ್ಕೆ ಇಟ್ಟಿದ್ದಳು. ಮದುವೆಯಾದಾಗಿನಿಂದ ಕುಕ್ಕರಿನಲ್ಲೇ ಅನ್ನ ಮಾಡಿದವಳಿಗೆ ಪಾತ್ರೆಯ ಮುಂದೆ ನಿಂತಿರಬೇಕು ಎಂಬುದೇ ಮರೆತುಹೋಗಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಸಿನಿಮಾ ನೋಡುತ್ತಾ ಕೂತಳು. ಗಂಜಿ ಉಕ್ಕಿ ಒಲೆ ಆರಿತು. ಗ್ಯಾಸು ಹರಿಯುತ್ತಲೇ ಇತ್ತು. ಮುಚ್ಚಿದ ಮನೆಯಲ್ಲಿ ಅದಕ್ಕೆ ಹೋಗಲು ದಾರಿ ಇರಲಿಲ್ಲ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದ ಅತ್ತೆ ಕೆಮ್ಮುತ್ತಾ ಎದ್ದು ಗೋಡೆ ಬಡಿದ ಮೇಲೆಯೇ ಮಿಕ್ಕವರಿಗೆ ಗೊತ್ತಾದದ್ದು.

"ರೆಗ್ಯುಲೇಟರ್ ಮುಚ್ಚಿದ್ಯಾ?" ಎಂದು ಕೇಳಿದೆ.

"ಮುಚ್ಚಿದೆ. ಹಿಂದಿನ ಕಿಟಕಿ ತೆಗೆದಿದೀವಿ. ಆದ್ರೂ ವಾಸ್ನೆ ಹೋಗ್ತಿಲ್ಲ."

"ಮುಂದಿನ ಕಿಟಕೀನೂ ತೆಗೀರಿ."

"ಅದು ಬೀದಿಗೆ ಕಾಣುತ್ತಲ್ಲೇ!"

ಹಿಂಬಾಗಿಲಿನಿಂದ ಹೊರಬನ್ನಿ ಅನ್ನುವಂತಿಲ್ಲ. ಮನೆ ಕಟ್ಟಿಸುವಾಗ ವಾಸ್ತು ನೋಡಿದವನು ಆ ದಿಕ್ಕಿಗೆ ಬಾಗಿಲು ಇಟ್ಟರೆ ಐಶ್ವರ್ಯ ಸೋರಿಹೋಗುತ್ತದೆ ಎಂದಿದ್ದ. ಇಡಿಸಿರಲಿಲ್ಲ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು.

ಭಾವ ಫೋನು ತೆಗೆದುಕೊಂಡರು. ಆಫೀಸಿನ ದನಿ. "ನೀನು ಗಾಬರಿ ಮಾಡ್ಬೇಡ. ಸೀದಾ ಮದ್ದೂರಿಗೆ ಹೋಗಿ ಕೀ ತಗೊಂಡು ಬಾ. ಅಲ್ಲಿವರೆಗೆ ನಾವು ಮ್ಯಾನೇಜ್ ಮಾಡ್ತೀವಿ."

ಅವರು ಮ್ಯಾನೇಜ್ ಎನ್ನುತ್ತಿದ್ದಾಗಲೇ ಫೋನಿನಲ್ಲಿ ಟಕ್ ಎಂದಿತು. ಆಮೇಲೆ ಗುರ್ ಎಂಬ ಸದ್ದು. ಫ್ರಿಜ್ಜು ತನ್ನಷ್ಟಕ್ಕೆ ತಾನು ಶುರುವಾಗಿತ್ತು. ನೆಲದ ಮೇಲೆಲ್ಲ ಗ್ಯಾಸು ಹರಡಿರುವ ಮನೆಯಲ್ಲಿ ಆ ಟಕ್ಕಿನೊಳಗೆ ಒಂದು ಕಿಡಿ ಇರುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಫೋನು ಹಿಡಿದು ನಿಂತೇ ಇದ್ದೆ. ಏನೂ ಆಗಲಿಲ್ಲ. ಭಾವನಿಗೂ ಅದು ಕೇಳಿಸಿತು, "ಸ್ವಿಚ್ ಆಫ್ ಮಾಡ್ಲಾ?" ಎಂದರು. ಆ ಒಂದು ಪ್ರಶ್ನೆಯಲ್ಲಿ ಮಾತ್ರ ಅವರ ದನಿ ಮನುಷ್ಯರ ದನಿಯಂತಿತ್ತು. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ ಎಂದು ಚೀರಿ ಬಸ್ ಸ್ಟ್ಯಾಂಡಿಗೆ ಓಡಿದೆ.

ಮದ್ದೂರಿನ ಬಸ್ಸು ಸಿಕ್ಕಿತು. ನಡುದಾರಿಯ ಊರು ಕೆ.ಎಂ. ದೊಡ್ಡಿ ಇನ್ನೂ ದೂರವಿರುವಾಗಲೇ ಹುಲ್ಲು ಹೇರಿಕೊಂಡ ಟ್ರಾಕ್ಟರ್ ಒಂದು ಮುಂದೆ ಸಿಕ್ಕಿಕೊಂಡು ಬಸ್ಸು ತೆವಳತೊಡಗಿತು. ಮತ್ತೆ ಫೋನು ಮಾಡಿದೆ. ಅಕ್ಕ ಅಳುತ್ತಿದ್ದಳು, ಅದನ್ನೂ ಪಿಸುದನಿಯಲ್ಲೇ. ಅತ್ತೆ ಉಬ್ಬಸಕ್ಕೆ ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಖಾಲಿಯಾಗಿತ್ತು. ಹೊಸದು ತರಲು ಹೊರಗೆ ಹೋಗಬೇಕು, ಹೋದರೆ ಶಿಮ್ಲಾ ಹೋಗುತ್ತದೆ ಎಂದು ಎರಡು ದಿನದಿಂದ ಖಾಲಿ ಪಂಪನ್ನೇ ಅಲ್ಲಾಡಿಸಿ ಕೊಡುತ್ತಿದ್ದರಂತೆ.

"ಎದುರುಮನೆ ಆಂಟಿಗೆ ಫೋನ್ ಮಾಡ್ತೀನಿ," ಎಂದೆ.

"ಬೇಡ! ನನ್ನಾಣೆ. ಬೀದೀಲಿ ತಲೆ ಎತ್ತಿ ಓಡಾಡೋದು ಹೆಂಗೆ?"

ಅವಳ ಹಿಂದಿನಿಂದ ಅತ್ತೆಯ ಉಸಿರು ಕೇಳಿಸುತ್ತಿತ್ತು, ಒಣ ಕೊಳವೆಯಲ್ಲಿ ಗಾಳಿ ಎಳೆದ ಹಾಗೆ. ನಡುನಡುವೆ ತುಂಡು ಮಾತು: "ಬಾಗ್ಲು... ಬಾಗ್ಲು ತಗೀರ್ಲಾ..."

ಫೋನು ಕತ್ತರಿಸಿ ಎದುರುಮನೆಗೆ ಮಾಡಿದೆ. ಆಕೆಯ ಗಂಡ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದು ನಿವೃತ್ತರಾದವರು. ಆಕೆ ಹಿಂದೊಮ್ಮೆ ಒಬ್ಬಟ್ಟು ಮಾಡಿಕೊಟ್ಟಾಗ ತೆಗೆದುಕೊಂಡ ನಂಬರ್ ನನ್ನ ಬಳಿ ಇತ್ತು.

"ಏನವ್ವಾ! ನಿಮ್ಮಕ್ಕ ಸಿಮ್ಲಾದ ಪಟ ಆಕವ್ರೆ, ಈಗ್ತಾನೆ ನೋಡ್ದೆ. ಏನ್ ಮಂಜು, ಏನ್ ಕತೆ!"

"ಆಂಟಿ, ಅವ್ರು ಮನೇಲೇ ಇದಾರೆ. ಒಳಗೆ ಗ್ಯಾಸ್ ತುಂಬಿದೆ. ಬೀಗ ಒಡೀಬೇಕು."

"ಸಿಮ್ಲಾದಿಂದ ಯಾವಾಗ ಬಂದ್ರು?"

"ಹೋಗೇ ಇಲ್ಲ ಆಂಟಿ."

"ಮತ್ತೆ ಆ ಮಂಜು?"

"ಯಾರ್ದೋ ಮಂಜು. ನಿಮ್ಮ ದಮ್ಮಯ್ಯ, ಬೇಗ ಹೋಗಿ. ಕಾಲಿಂಗ್ ಬೆಲ್ ಮಾತ್ರ ಒತ್ತಬೇಡಿ! ಮೊದಲು ಹೊರಗಿರೋ ಮೇನ್ ಸ್ವಿಚ್ ಆಫ್ ಮಾಡಿ."

ಆಕೆಯ ಚಪ್ಪಲಿ ಸದ್ದು, ಗೇಟಿನ ಸದ್ದು, ಗಂಡನನ್ನು ಕರೆದ ಸದ್ದು. ಬೆಲ್ ಒತ್ತಬೇಡಿ ಎಂದು ನನಗೆ ಹೊಳೆಯದೆ ಹೋಗಿದ್ದರೆ? ಯಾರ ಮನೆಗೆ ಹೋದರೂ ಕೈ ಮೊದಲು ಹೋಗುವುದು ಅಲ್ಲಿಗೇ ಅಲ್ಲವೇ? ಈ ಯೋಚನೆ ಆಮೇಲೆ ಎಷ್ಟೋ ರಾತ್ರಿ ನನ್ನನ್ನು ಎಬ್ಬಿಸಿ ಕೂರಿಸಿದೆ. ಅಷ್ಟರಲ್ಲಿ ಆಕೆಯ ಗಂಟಲು ಬೀದಿ ತುಂಬಾ ಮೊಳಗಿತು: "ಒಳಗಿರೋರು ಕಿಟ್ಕಿ ತಗೀರಿ! ಎಲ್ಲಾರ್ಗೂ ಗೊತ್ತಾಯ್ತು, ಇನ್ನೇನ್ ಮುಚ್ಕಂಡೀರಿ!"

ಆಗ ತೆರೆದರು. ಮುಂದಿನ ಕಿಟಕಿಗಳನ್ನೆಲ್ಲ, ಒಂದಾದ ಮೇಲೊಂದು. ಗುಟ್ಟು ಸೋರಿಹೋದ ಮೇಲೆ ಗ್ಯಾಸು ಸೋರಿ ಹೋಗಲು ಅಪ್ಪಣೆ ಸಿಕ್ಕಿತು.

ಆಕೆಯ ಗಂಡ ಬಾಗಿಲಿನ ಚಿಲಕವನ್ನೇ ಹಾರೆಯಿಂದ ಮೀಟಿ ಕಿತ್ತರು. ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊರಗೆ ತಂದರು. ಕುರ್ಚಿಯ ಒಂದು ಕಡೆ ಹಿಡಿಯಬೇಕಿದ್ದ ಭಾವ ಒಂದು ನಿಮಿಷ ತಡವಾಗಿ ಬಂದರಂತೆ. ಇಸ್ತ್ರಿ ಮಾಡಿದ ಪ್ಯಾಂಟು ಹುಡುಕುತ್ತಿದ್ದರು.

ನಾನು ಮದ್ದೂರಿನಲ್ಲಿ ಇಳಿದು, ಬೀಗದ ಕೈ ತೆಗೆದುಕೊಂಡು, ಆಟೋ ಮಾಡಿಸಿಕೊಂಡು ಮಂಡ್ಯ ತಲುಪಿದಾಗ ಬಾಗಿಲು ಹಾರುಹೊಡೆದಿತ್ತು. ಅತ್ತೆಯನ್ನು ಆಗಲೇ ಆಸ್ಪತ್ರೆಗೆ ಕರೆದೊಯ್ದಿದ್ದರು. ಭೂಮಿ ಬಿಸಿಯಾಗುವ ಮಹನೀಯರು, ಮಂಡಿನೋವಿನ ದಂಪತಿ, ಎಲ್ಲರೂ ಅಂಗಳದಲ್ಲಿ ನೆರೆದಿದ್ದರು. ಮಂಡಿಗಳು ಅಡುಗೆಮನೆಯ ತನಕ ಚುರುಕಾಗಿ ಹೋಗಿ ನೋಡಿಕೊಂಡು ಬಂದವು. ಒಬ್ಬಾಕೆ ಅಕ್ಕನ ಮಗಳ ಗಲ್ಲ ಹಿಡಿದು, "ಸಿಮ್ಲಾ ತಣ್ಣಗಿತ್ತೇನವ್ವ?" ಎಂದು ಕೇಳಿದಳು. ಒಂಬತ್ತು ವರ್ಷದ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಆಕೆ ನಕ್ಕಳು. ಆಕೆಯೂ ಆ ವರ್ಷ ಎಲ್ಲಿಗೂ ಹೋಗಿರಲಿಲ್ಲ.

ಆಸ್ಪತ್ರೆಯಲ್ಲಿ ಅತ್ತೆಯ ಮೂತಿಗೆ ಮಾಸ್ಕ್ ಹಾಕಿದ್ದರು. ಸಂಜೆಯ ಹೊತ್ತಿಗೆ ಉಸಿರು ಹದಕ್ಕೆ ಬಂತು. ಡಾಕ್ಟರು, ಇತ್ತೀಚೆಗೆ ಊರು ಬಿಟ್ಟು ಎಲ್ಲಾದರೂ ಹೋಗಿದ್ದರಾ ಎಂದು ಕೇಳಿದರು. ಭಾವ ಗೋಡೆ ನೋಡಿದರು. ಅತ್ತೆ ಮಾಸ್ಕ್ ಸರಿಸಿದರು.

"ಸಿಮ್ಲಾಕ್ಕೆ ಓಗಿದ್ದೋ ಕಣಪ್ಪ. ಅಲ್ಲಿ ಗಾಳಿ ಇರ್ನಿಲ್ಲ."

ಜೀವ ಉಳಿಯಿತು. ಬುದ್ಧಿ ಬಂತು ಎಂದು ಬರೆಯಲು ನನಗೂ ಆಸೆಯಿದೆ. ಭಾವ ಆಫೀಸಿನಲ್ಲಿ, ಅಮ್ಮನ ಆರೋಗ್ಯ ಕೆಟ್ಟಿದ್ದರಿಂದ ಶಿಮ್ಲಾದಿಂದ ಅರ್ಧಕ್ಕೇ ವಾಪಸು ಬಂದೆವು ಎಂದು ಹೇಳಿಕೊಂಡು ತಿರುಗಿದರು. ನನ್ನನ್ನು ಮಾತ್ರ, "ಬೀದಿಯಲ್ಲಿ ಇಷ್ಟು ಜನ ಇರುವಾಗ ಅವಳಿಗೇ ಫೋನ್ ಮಾಡಬೇಕಿತ್ತಾ?" ಎಂದು ಕೇಳಿದರು. ಅವರ ತಾಯಿಯನ್ನು ಹೊತ್ತು ತಂದವರು ಆಕೆಯ ಗಂಡ. ಆ ಮನುಷ್ಯನನ್ನು ಕಂಡರೆ ಭಾವ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಹೋಗುತ್ತಿದ್ದರು.

ನಿದ್ದೆ ಮಾತ್ರ ಯಾರಿಗೂ ಇರಲಿಲ್ಲ. ಅತ್ತೆ ತನ್ನ ಮಂಚವನ್ನು ಮುಂಬಾಗಿಲ ಪಕ್ಕಕ್ಕೆ ಎಳೆಸಿಕೊಂಡು, ಚಿಲಕ ಹಾಕಲು ಯಾರನ್ನೂ ಬಿಡಲಿಲ್ಲ. ಅಕ್ಕ ಎದ್ದೆದ್ದು ಹೋಗಿ ರೆಗ್ಯುಲೇಟರ್ ಮುಟ್ಟಿ ನೋಡುತ್ತಿದ್ದಳು. ಆಣೆ ಮುರಿದವಳೆಂದು ನನ್ನೊಡನೆ ಮಾತು ಬಿಟ್ಟಿದ್ದರೂ, "ಒಲೆ ಆರ್ಸಿದ್ಯಾ?" ಎಂದು ಮೆಸೇಜು ಬರುತ್ತಿತ್ತು. "ಆರ್ಸಿದೀನಿ" ಎಂದು ಬರೆದು ನಾನೂ ಎದ್ದು ಹೋಗಿ ನೋಡುತ್ತಿದ್ದೆ. ಮದ್ದೂರಿನ ನನ್ನ ಮನೆಯ ಫ್ರಿಜ್ಜು ಟಕ್ ಎಂದರೆ ಮೈ ಬೆವರುತ್ತಿತ್ತು. ಮಲಗುವ ಮುನ್ನ ಅದನ್ನು ಆರಿಸಿಬಿಡುತ್ತಿದ್ದೆ. ಹಾಲು ಒಡೆದು ಹೋಗುತ್ತಿತ್ತು.

ದಸರಾ ರಜೆಗೆ ಅಕ್ಕನೇ ಕರೆದಳು. ವಿಜಯದಶಮಿಯ ಬೆಳಿಗ್ಗೆ ಅವಳ ಮನೆಯಲ್ಲಿದ್ದೆ. ಎದುರುಮನೆಯ ಆಂಟಿ ಬನ್ನಿ ಸೊಪ್ಪು ಕೊಡಲು ಬಂದು, "ಈ ರಜಕ್ಕೆ ಯಾವ ಕಡೀಕೆ?" ಎಂದು ಕೇಳಿದರು. ಚುಚ್ಚಿ ಕೇಳಿದರೋ ಸುಮ್ಮನೆ ಕೇಳಿದರೋ ತಿಳಿಯಲಿಲ್ಲ. ಭಾವ ಗಂಟಲು ಸರಿಮಾಡಿಕೊಂಡರು. "ಕೇರಳದ ಕಡೆ ಒಂದು ಪ್ಲಾನ್..."

"ಎಲ್ಲೂ ಇಲ್ಲ ಆಂಟಿ," ಎಂದಳು ಅಕ್ಕ. ಪಿಸುದನಿಯಲ್ಲ, ಗೇಟಿನಾಚೆಗೂ ಕೇಳುವಂತೆ. "ದುಡ್ಡಿಲ್ಲ."

ಭಾವ ಎದ್ದು ಒಳಗೆ ಹೋದರು. ಆಂಟಿ ಬನ್ನಿ ಸೊಪ್ಪನ್ನು ಅಕ್ಕನ ಕೈಗಿಟ್ಟು ಹೇಳಿದರು: "ನಮ್ಮನೇಲಿ ಮಾತ್ರ ಎಲ್ಲೈತೆ ಬುಡು ಕಣಮ್ಮ. ಇವ್ರ ಪಿಂಚಣಿ ಬಂದದ್ದೂ ಗೊತ್ತಾಗಕಿಲ್ಲ, ಓದದ್ದೂ ಗೊತ್ತಾಗಕಿಲ್ಲ."

ಬಾಗಿಲ ಪಕ್ಕದ ಮಂಚದಿಂದ ಅತ್ತೆ ಕೂಗಿದರು: "ಕುಕ್ಕರ್ ಮಡಗವ್ವ. ಕಿಟ್ಕಿ ಎಲ್ಲಾನೂ ತಗ್ದು ಮಡಗು."

ಅಕ್ಕ ಬೇಳೆಗೆ ಇಟ್ಟಳು. ಸೀಟಿಯ ಮೇಲೆ ಸೀಟಿ ಹೊಡೆಯಿತು. ಅವಳು ಅಲ್ಲೇ ನಿಂತು ಕೇಳಿದಳು, ಇಳಿಸಲಿಲ್ಲ. ಸಾಸಿವೆ, ಬೆಳ್ಳುಳ್ಳಿಯ ಒಗ್ಗರಣೆಯ ಘಮ ಬೀದಿಗೆ ಹೋಯಿತು. ಮಧ್ಯಾಹ್ನ ಅತ್ತೆ ಮಂಚವನ್ನು ತನ್ನ ಕೋಣೆಗೆ ವಾಪಸು ಹಾಕಿಸಿಕೊಂಡರು.

ಆ ರಾತ್ರಿ ನಾನು ನಡುಮನೆಯಲ್ಲಿ, ಫ್ರಿಜ್ಜಿನ ಎದುರಿಗೇ ಚಾಪೆ ಹಾಸಿಕೊಂಡೆ. ಪಕ್ಕದಲ್ಲಿ ಅಕ್ಕ. ಅದು ಎಷ್ಟು ಸಲ ಟಕ್ ಎಂದಿತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಬಾಗಿಲ ತನಕ ಬಂದಿತ್ತು, ಹಾಲಿನವನು ಗೇಟು ಅಲ್ಲಾಡಿಸುತ್ತಾ ಬೈಯುತ್ತಿದ್ದ, ಮನೆಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ.