ಸಂದೇಹರಾಯರು ಒತ್ತಿದ ಐದು

ಕಚೇರಿಯಲ್ಲಿ ಅವರನ್ನು ಎಲ್ಲರೂ ಸಂದೇಹರಾಯರು ಅನ್ನುತ್ತಿದ್ದರು. ಬೇರೆಯವರು ಬರೆದ ತಂತ್ರಾಂಶದಲ್ಲಿ ತಪ್ಪು ಹುಡುಕುವುದೇ ಅವರ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಮಾಡಿ, ಮನೆಯ ಬೀಗವನ್ನೂ ಮೂರು ಸಲ ಜಗ್ಗಿ ನೋಡುವ ಚಾಳಿ ಅಂಟಿಕೊಂಡಿತ್ತು. “ಅಪ್ಪಾ, ಬೀಗ ಕೈಗೇ ಬಂದ್ಬಿಡುತ್ತೆ, ಬಿಡಿ” ಎಂದು ಮಗಳು ರೇಗಿಸುತ್ತಿದ್ದಳು.

ಆ ಸಲ ಬಂದದ್ದು ದೊಡ್ಡ ಆಸ್ಪತ್ರೆಯೊಂದರ ಹಾಜರಿ ತಂತ್ರಾಂಶ. ಸತತ ಮೂರು ದಿನ ತಡವಾಗಿ ಬಂದು ಬೆರಳೊತ್ತಿದ ಕೆಲಸಗಾರರ ಹೆಸರು ತಾನಾಗಿಯೇ ಪಟ್ಟಿಯಿಂದ ಹೋಗಬೇಕಂತೆ. ಎಷ್ಟು ನಿಮಿಷ ತಡವಾದರೆ ಮಾಫಿ? ಅಷ್ಟಕ್ಕೂ, ಒಬ್ಬರ ಕೆಲಸ ಕಳೆಯುವ ಹಕ್ಕನ್ನು ಯಂತ್ರಕ್ಕೆ ಕೊಡಬಹುದೇ? ಇದರ ಮೇಲೆ ಸಭೆ ಕೂತಿತು.

“ಮನುಷ್ಯರನ್ನ ತೆಗೆಯೋದಾದ್ರೆ ಮನುಷ್ಯರೇ ತೆಗೀಲಿ” ಎಂದಳು ಕೋಡ್ ಬರೆದ ಹುಡುಗಿ.

“ಅದು ಆಸ್ಪತ್ರೆಯೋರ ತೀರ್ಮಾನ ಕಣಮ್ಮಾ” ಎಂದರು ಮ್ಯಾನೇಜರ್. ಆಸ್ಪತ್ರೆಯವರೋ, ‘ನೀವು ತಿಳಿದವರು, ನೀವೇ ಹೇಳಿ’ ಎಂದು ಆಗಲೇ ಕೈತೊಳೆದುಕೊಂಡಿದ್ದರು.

ನ್ಯಾಯ, ನೀತಿ, ಹೊಣೆ ಅಂತ ಎರಡು ಗಂಟೆ ಗಂಟಲು ಹರಿದುಕೊಂಡು, ಮುಂದಿನ ವಾರ ನೋಡೋಣ ಎಂದು ಎದ್ದರು. ಅಷ್ಟು ಹೊತ್ತೂ ರಾಯರು ತಮ್ಮ ಪರೀಕ್ಷೆಯ ಪಟ್ಟಿಗೆ ಗುರುತು ಹಾಕುತ್ತಾ ಕೂತಿದ್ದರು. ವಾದ ಮಾಡುವುದು ಅವರ ಕೆಲಸವಲ್ಲವಲ್ಲ!

ಆದರೆ ಮಾಫಿ ನಿಮಿಷದ ಜಾಗ ಖಾಲಿಯಿದ್ದರೆ ಪರೀಕ್ಷೆ ಮುಂದಕ್ಕೆ ಹೋಗದು. ಸದ್ಯಕ್ಕಿರಲಿ ಎಂದು ರಾಯರು ಐದು ಒತ್ತಿದರು. ಹದಿನೈದೂ ಒತ್ತಬಹುದಿತ್ತು, ಬೆರಳಿಗೆ ಸಿಕ್ಕಿದ್ದು ಐದು, ಅಷ್ಟೇ. ಸಂಜೆ ಅಳಿಸಲು ಮರೆತರು. ಮುಂದಿನ ವಾರದ ಸಭೆ ನಡೆಯಲೇ ಇಲ್ಲ. ತಂತ್ರಾಂಶ ಆ ಐದನ್ನು ಹೊತ್ತುಕೊಂಡೇ ಆಸ್ಪತ್ರೆಗೆ ಹೋಯಿತು.

ನಾಲ್ಕನೆಯ ದಿನ ಕಸ ಗುಡಿಸುವ ಹನ್ನೊಂದು ಹೆಂಗಸರ ಹೆಸರು ಒಟ್ಟಿಗೆ ಪಟ್ಟಿಯಿಂದ ಹೋಯಿತು. ದೂರು ಬಂದಾಗ ಮ್ಯಾನೇಜರ್, “ಸಿಸ್ಟಮ್ ಮಾಡಿದ್ದು ಬಿಡಿ, ಯಾರ ತಪ್ಪೂ ಅಲ್ಲ” ಎಂದರು. ಎಲ್ಲರೂ ತಲೆಯಾಡಿಸಿದರು. ರಾಯರೂ ಆಡಿಸಿದರು. ಇನ್ನೊಬ್ಬರದು ಒಂದು ಚುಕ್ಕೆ ತಪ್ಪಿದರೂ ಹಿಡಿದು ಕುಣಿಸುತ್ತಿದ್ದ ಮನುಷ್ಯ! ಮನೆಗೆ ಬಂದ ಮೇಲೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಹಿಂಬಾಗಿಲಿಗೆ ಹೋದರು. ಮತ್ತೆ ಕರೆದಾರೆಂದು ಆ ಹೆಂಗಸರು ಕಟ್ಟೆಯ ಮೇಲೆ ಕಾದು ಕೂತಿದ್ದರು. ರಾಯರು ಎಲ್ಲರಿಗಿಂತ ಹಿರಿಯಾಕೆಯ ಮುಂದೆ ನಿಂತರು.

“ಅಮ್ಮಾ, ಆ ಐದು ನಿಮಿಷ ಹಾಕಿದ್ದು ನಾನು. ಸುಮ್ನೆ ಹಾಕಿದ್ದೆ, ತೆಗೆಯೋಕೆ ಮರೆತೆ. ತಪ್ಪು ನಂದೇ ಅಂತ ಇವತ್ತೇ ಬರೆದು ಕೊಡ್ತೀನಿ.”

ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದರು. ಆಕೆ ಬೈಯಲಿಲ್ಲ.

“ನಮ್ಮ ಡ್ಯೂಟಿ ಆರಕ್ಕೆ ಸ್ವಾಮಿ. ಈ ಕಡೆಗೆ ಮೊದಲ್ನೇ ಬಸ್ಸು ಬರೋದೇ ಆರು ಗಂಟೆ ಎಂಟು ನಿಮಿಷಕ್ಕೆ. ಹನ್ನೊಂದು ಜನಾನೂ ಅದರಲ್ಲೇ ಬರೋದು. ಇಷ್ಟು ವರ್ಷ ಮೇಸ್ತ್ರಿ ಕಂಡೂ ಕಾಣದ ಹಾಗೆ ಇದ್ದ. ನಮ್ಮನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ವಲ್ಲ” ಎಂದರು, ಬೇಸರವೂ ಇಲ್ಲದ ದನಿಯಲ್ಲಿ.

ಆಮೇಲೆ ಪಕ್ಕಕ್ಕೆ ಸರಿದು, “ಕೂತ್ಕೊಳ್ಳಿ, ಪಾಪ, ನಡ್ಕೊಂಡು ಬಂದಿದೀರಿ” ಎಂದು ಜಾಗ ಮಾಡಿಕೊಟ್ಟರು. ರಾಯರಿಗೆ ಕೂರಲಾಗಲಿಲ್ಲ.