ಗುಂಡವ್ವನ ಕತ್ತು ನಿಂತ ಗಳಿಗೆ

ಚಳಿಗಾಲದ ಮಂಜು ಬ್ರಹ್ಮಗಿರಿಯಿಂದ ಇಳಿದು ತ್ರ್ಯಂಬಕೇಶ್ವರದ ಸೂರುಗಳ ಮೇಲೆ ಇನ್ನೂ ಮಲಗಿದೆ. ಜೀಪ್ ಸ್ಟ್ಯಾಂಡಿನಲ್ಲಿ ಡ್ರೈವರುಗಳು ಚಹಾ ಹೀರುತ್ತ ‘ನಾಸಿಕ, ನಾಸಿಕ’ ಎಂದು ಅರೆನಿದ್ದೆಯಲ್ಲೇ ಕೂಗುತ್ತಿದ್ದಾರೆ. ಬೇವಿನ ಮರದ ಕೆಳಗೆ ನಿಂಗಣ್ಣ ಎಡಗೈ ಚಾಚಿ ತನ್ನ ಅಂಗೈಯನ್ನೇ ದಿಟ್ಟಿಸುತ್ತಿದ್ದಾನೆ. ಹೊಸಬರು ನೋಡಿದರೆ, ಪಾಪ, ತನ್ನ ಭವಿಷ್ಯ ತಾನೇ ಓದಿಕೊಳ್ಳುತ್ತಿದ್ದಾನೆ ಅಂದುಕೊಳ್ಳಬೇಕು. ಅವನು ಓದುತ್ತಿರುವುದು ಬೆಳಕನ್ನು. ಅಂಗೈಯ ಗೆರೆ ಎಷ್ಟು ಕಾಣುತ್ತದೆ ಎನ್ನುವುದರ ಮೇಲೆ ಕ್ಯಾಮೆರಾದ ಕಣ್ಣು ಎಷ್ಟು ಅಗಲ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ಗೊತ್ತುಮಾಡಿಕೊಳ್ಳುತ್ತಾನೆ.

ಕ್ಯಾಮೆರಾದಲ್ಲೇ ಬೆಳಕು ಅಳೆಯುವ ಮೀಟರ್ ಒಂದಿದೆ. ಅದು ಕಣ್ಣು ಮುಚ್ಚಿ ಯಾವ ಕಾಲವಾಯಿತೋ. ಇಂಡಿ ತಾಲ್ಲೂಕಿನಿಂದ ಗಾರೆ ಕೆಲಸಕ್ಕೆ ಬಂದ ನಿಂಗಣ್ಣ, ಕಟ್ಟಡದಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ನಾಸಿಕದ ಸ್ಟುಡಿಯೋ ಒಂದರಲ್ಲಿ ಕಸ ಗುಡಿಸಲು ಸೇರಿದ. ಗುಡಿಸುತ್ತ ಗುಡಿಸುತ್ತ ಫೋಟೋ ತೆಗೆಯುವುದನ್ನೂ ಕಲಿತ. ಮಾಲೀಕ ಹೊಸ ಕ್ಯಾಮೆರಾ ಕೊಂಡಾಗ ಹಳೆಯದು ಇವನ ಪಾಲಿಗೆ ಬಂತು. ಈಗ ಕುಂಟುತ್ತ ಬೆಳಿಗ್ಗೆ ಐದಕ್ಕೆಲ್ಲ ಈ ಮರದ ಕೆಳಗೆ ಹಾಜರು. ಯಾತ್ರಿಕರಿಗೆ ತಮ್ಮ ಮುಖವೂ ಬೇಕು, ಬೆನ್ನ ಹಿಂದೆ ಗುಡಿಯ ಶಿಖರವೂ ಬೇಕು. ನಿಂಗಣ್ಣ ಮಾತ್ರ ಲೆನ್ಸನ್ನು ಪೂರ್ತಿ ತೆರೆದು ಮುಖವೊಂದನ್ನೇ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಮಂಜಿಗೆ ಬಿಟ್ಟುಬಿಡುತ್ತಾನೆ. ಯಾಕೆ ಎಂದು ಕೇಳಿದರೆ, “ಶಿಖರ ಎಲ್ಲಿ ಹೋಗ್ತದ್ರಿ, ಇಲ್ಲೇ ಇರ್ತದ. ಮುಖ ಹೋಗಿಬಿಡ್ತಾವ” ಅನ್ನುತ್ತಾನೆ.

ಇವತ್ತು ಅವನು ಕಾಯುತ್ತಿರುವುದು ತನ್ನ ಸೀಮೆಯಿಂದಲೇ ದುಡಿಯಲು ಬಂದ ಗುಂಡವ್ವನಿಗಾಗಿ. ಪಕ್ಕದಲ್ಲಿ ಏಳುತ್ತಿರುವ ಹೊಸ ಲಾಡ್ಜಿಗೆ ಆಕೆ ಬುಟ್ಟಿಯಲ್ಲಿ ಸಿಮೆಂಟು ಹೊರುತ್ತಾಳೆ. ಮಗಳು ಮಲಕವ್ವನ ಮದುವೆ ಬರುವ ಸೋಮವಾರ. ಗಂಡು ಇಲ್ಲಿಂದ ಇನ್ನೂರು ಕಿಲೋಮೀಟರ್ ದೂರದ ವಾಳೂಜಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ಅಷ್ಟು ದೂರ ಹೋಗುವ ಮಗಳಿಗೆ ಅವ್ವನ ಒಂದು ಫೋಟೋ ಬೇಕು. ಆದರೆ ಗುಂಡವ್ವನ ಕತ್ತು ಕೆಲವು ವರ್ಷಗಳಿಂದ ಸದಾ ನಡುಗುತ್ತದೆ. ನಾಸಿಕದ ಸ್ಟುಡಿಯೋದಲ್ಲಿ ಫ್ಲ್ಯಾಶ್ ಹೊಡೆದರು. ಕಣ್ಣು ಗಟ್ಟಿಯಾಗಿ ಮುಚ್ಚಿದ ಮುಖ ಬಂತು. “ಹಾರ ಹಾಕೂದಷ್ಟ ಬಾಕಿ ಇತ್ತ ನೋಡ್ರಿ. ನಾ ಇನ್ನೂ ಬದುಕೀನಿ!” ಎಂದು ಗುಂಡವ್ವ ಅದನ್ನು ಹರಿದು ಒಲೆಗೆ ಹಾಕಿದಳು.

ಬಿಸಿಲೇರುವ ಮೊದಲೇ ಲಾಡ್ಜಿನ ಕೆಲಸ ಶುರು, ಬಿಡುವಾಗ ಕತ್ತಲು. ಹಾಗಾಗಿ ಸಿಗುವುದು ಈ ನಸುಕಿನ ಬೆಳಕೊಂದೇ. ಶಟರ್ ಬೇಗ ಮುಚ್ಚಿದರೆ ನಡುಕ ಕಾಣುವುದಿಲ್ಲ, ಆದರೆ ಬೆಳಕು ಸಾಲದೆ ಮುಖ ಇದ್ದಿಲಾಗುತ್ತದೆ. ನಿಧಾನ ಮುಚ್ಚಿದರೆ ಬೆಳಕೇನೋ ಬರುತ್ತದೆ, ಜೊತೆಗೆ ಗುಂಡವ್ವನಿಗೆ ಎರಡು ಮೂಗೂ ಬರುತ್ತವೆ. ನಿಂಗಣ್ಣ ಎರಡನ್ನೂ ಮಾಡಿ ನೋಡಿ ಸೋತಿದ್ದಾನೆ. ಫಿಲ್ಮು ನಾಸಿಕಕ್ಕೆ ಹೋಗಿ ತೊಳೆದು ಬರಬೇಕು; ಇವತ್ತು ತಪ್ಪಿದರೆ ಮಲಕವ್ವ ಅವ್ವನ ಮುಖವಿಲ್ಲದೆ ಹೊರಡಬೇಕು. ಆ ಚಿಂತೆಗೆ ಅವನಿಗೆ ಚಹಾ ಕೂಡ ಸೇರಿಲ್ಲ.

ಮಂಜಿನೊಳಗಿಂದ ಮೊದಲು ಕಾಲ್ಗಡಗದ ಸದ್ದು ಬರುತ್ತದೆ. ಆಮೇಲೆ ಗುಂಡವ್ವ, ಹಿಂದೆ ಮಲಕವ್ವ. ಕೆಲಸದವರಿಗೆಂದು ನಲ್ಲಿಯಿಂದ ಹಿಡಿದ ನೀರಿನ ಕೊಡ ಗುಂಡವ್ವನ ತಲೆಯ ಮೇಲಿದೆ. ನಿಂಗಣ್ಣ ನೋಡುತ್ತಾನೆ. ಮತ್ತೆ ನೋಡುತ್ತಾನೆ. ಕೊಡದ ಕೆಳಗೆ ಆ ಕತ್ತು ಅಲುಗುತ್ತಿಲ್ಲ. ಬಾಯಿತನಕ ತುಂಬಿದ ನೀರೂ ತುಳುಕುತ್ತಿಲ್ಲ.

“ಅವ್ವಾ, ಕೊಡ ಇಳಸಬ್ಯಾಡ! ಹಂಗ ನಿಲ್ಲು!”

ಗುಂಡವ್ವನಿಗೆ ಪಿತ್ತ ನೆತ್ತಿಗೇರುತ್ತದೆ. “ಯಾಕೋ? ಮಗಳ ಟ್ರಂಕಿನ್ಯಾಗೂ ನಾ ಭಾರ ಹೊತಗೊಂಡ ನಿಂದರಬೇಕೇನು?”

“ಕೊಡ ಫೋಟೋದಾಗ ಬರೂದಿಲ್ಲವ್ವಾ. ಹಣಿಗೇ ಕಟ್ ಮಾಡ್ತೀನಿ. ನನ್ನಾಣಿ.”

ಇಲ್ಲೇ ಬೆಳೆದ ಮಲಕವ್ವ, ಸ್ವಲ್ಪ ನಿಲ್ಲವ್ವಾ ಎಂದು ಮರಾಠಿಯಲ್ಲೇ ಗದರುತ್ತಾಳೆ: “ಆಯೀ, ಥಾಂಬ್ ನಾ!” ಆಮೇಲೆ ದನಿ ಇಳಿಸಿ, “ನನ್ನ ಕಡೆ ನೋಡಽ ಯವ್ವಾ” ಅನ್ನುತ್ತಾಳೆ.

ಗುಂಡವ್ವ ನೋಡುತ್ತಾಳೆ. ನಿಂಗಣ್ಣ ಲೆನ್ಸನ್ನು ಪೂರ್ತಿ ತೆರೆಯುತ್ತಾನೆ, ಶಟರನ್ನು ಸೆಕೆಂಡಿನ ಮೂವತ್ತನೇ ಭಾಗಕ್ಕೆ ಇಳಿಸುತ್ತಾನೆ, ಬೇವಿನ ಬೊಡ್ಡೆಗೆ ಮೊಣಕೈ ಊರಿ ಉಸಿರು ಬಿಗಿಹಿಡಿಯುತ್ತಾನೆ. ಗಾಜಿನೊಳಗೆ ಬೆಟ್ಟ ಕರಗುತ್ತದೆ, ಜೀಪುಗಳು ಕರಗುತ್ತವೆ, ಕಟ್ಟುತ್ತಿರುವ ಲಾಡ್ಜೂ ಕರಗಿ ಹಾಲಿನಂಥ ಬೆಳಕಾಗುತ್ತದೆ. ಅದರ ನಡುವೆ ಮಗಳನ್ನು ಕಣ್ತುಂಬ ನೋಡುತ್ತಿರುವ ಒಂದು ಮುಖ ಮಾತ್ರ. ಎಷ್ಟು ಚೆಂದದ ಮುಖ ಅದು! ಇಷ್ಟು ವರ್ಷ ನಡುಗುತ್ತಲೇ ಇದ್ದುದರಿಂದ ಅದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ.

ಶನಿವಾರ ಸಂಜೆ ಫೋಟೋ ಬರುತ್ತದೆ. ಕೂಲಿಯವರ ಶೆಡ್ಡಿನ ಹೆಂಗಸರು ಮೈಮೇಲೆ ಮೈ ಬಿದ್ದು ನೋಡುತ್ತಾರೆ. ಪಕ್ಕದ ಶೆಡ್ಡಿನ ಈರಮ್ಮ ಗಲ್ಲಕ್ಕೆ ಕೈ ಹಚ್ಚಿ, “ಏನಽ ಗುಂಡವ್ವಾ, ಯಾವ ಊರ ಗೌಡಸಾನಿ ಇಕಿ? ಇಷ್ಟ ಆರಾಮ ಯಾವಾಗ ಕುಂತಿದ್ದಿ?” ಎಂದು ಕೇಳುತ್ತಾಳೆ. ಗುಂಡವ್ವ ನಿಂಗಣ್ಣನ ಕಡೆ ನೋಡಿ ಸೆರಗಿನಲ್ಲೇ ನಗುತ್ತಾಳೆ. ಗುಟ್ಟು ಮಾತ್ರ ಬಿಟ್ಟುಕೊಡುವುದಿಲ್ಲ. ಮಲಕವ್ವ ಫೋಟೋವನ್ನು ಮದುವೆ ಸೀರೆಯ ಮಡಿಕೆಯೊಳಗಿಟ್ಟು ಟ್ರಂಕು ಮುಚ್ಚುತ್ತಾಳೆ, ಮತ್ತೆ ತೆಗೆದು ನೋಡುತ್ತಾಳೆ, ಮತ್ತೆ ಮುಚ್ಚುತ್ತಾಳೆ.

ಹೊರಗೆ ನಿಂಗಣ್ಣ ಕ್ಯಾಮೆರಾವನ್ನು ಹಳೆಯ ಟವೆಲಿನಲ್ಲಿ ಸುತ್ತುತ್ತಿದ್ದಾನೆ. ನಿನಗೇನು ಆಸೆ ಎಂದು ಕೇಳಿದರೆ ಸ್ವಲ್ಪ ನಾಚುತ್ತಾನೆ. ಹೊಸ ಕ್ಯಾಮೆರಾ ಕೇಳಬಹುದು, ಸ್ವಂತ ಅಂಗಡಿ ಕೇಳಬಹುದು.

“ದೊಡ್ಡದೇನಿಲ್ರಿ. ಆಕಿ ತಲಿ ಮ್ಯಾಲೆ ಏನೂ ಇಲ್ಲದಾಗ, ಸುಮ್ಮ ಕುಂತಾಗ, ಒಂದು ಫೋಟೋ ತೆಗೀಬೇಕು. ಅಲುಗಾಡಿ ಬಂದ್ರೂ ಇರ್ಲಿ.”